ಬಾಗಿಲು ತೆರೆದಿದ್ದರೆ ಒಳಗೆ ಹೋಗಬಹುದೆ?

ಮಾಡಬಲ್ಲೆನು ಎಂಬುದು ಒಂದು ಮಾತು. ಮಾಡಬಹುದು ಎಂಬುದು ಇನ್ನೊಂದು ಮಾತು. ಇವೆರಡರ ನಡುವಣ ಅಂತರವನ್ನು ನಮ್ಮ ಹಿರಿಯರು ನೆರೆಯವನ ಹೊಲದ ಬದುವಿನ ಮೇಲೆ ನಿಂತು, ಬೀಗ ಹಾಕದ ಪೆಟ್ಟಿಗೆಯ ಮುಂದೆ ಕುಳಿತು, ಅನ್ಯರ ಹೆಸರಿಗೆ ಬಂದ ಕಾಗದವನ್ನು ಕೈಯಲ್ಲಿ ಹಿಡಿದು ಯೋಚಿಸಿದ್ದಾರೆ. ಈ ಕಾಲದ ಗೃಹಸ್ಥನಿಗೆ ಅದೇ ಪ್ರಶ್ನೆ ಗಣಕಯಂತ್ರದ ಮುಂದೆ ಎದುರಾಗುವುದುಂಟು. ಯಂತ್ರ ಹೊಸದಾದ ಮಾತ್ರಕ್ಕೆ ಪ್ರಶ್ನೆ ಹೊಸದಾಗುವುದಿಲ್ಲ. ಆದರೆ ಹಳೆಯ ಪ್ರಶ್ನೆಯ ಕೆಲವು ಮುಖಗಳು ಇಲ್ಲಿ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ನಮ್ಮದು ನಾಗಲಮಡಿಕೆ; ಉತ್ತರ ಪಿನಾಕಿನಿಯ ದಡದ ಊರು. ಕುಕ್ಕೆ, ಘಾಟಿ, ನಾಗಲಮಡಿಕೆ ಈ ಮೂರನ್ನು ಆದಿ, ಮಧ್ಯ, ಅಂತ್ಯ ಸುಬ್ರಹ್ಮಣ್ಯ ಕ್ಷೇತ್ರಗಳೆಂದು ಕರೆಯುವ ವಾಡಿಕೆಯಿದೆ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದುದಾದರೂ ಅದನ್ನು ಸುತ್ತುವರಿದಿರುವುದು ಬಹುಮಟ್ಟಿಗೆ ಆಂಧ್ರದ ಸೀಮೆ. ಆದಕಾರಣ ನಮ್ಮಲ್ಲಿ ಅನೇಕ ಮನೆಗಳಲ್ಲಿ ಎರಡು ಭಾಷೆಗಳು ಒಂದೇ ನಾಲಗೆಯ ಮೇಲೆ ವಾಸಮಾಡುತ್ತವೆ. ನನ್ನ ತಾಯಿಯವರು ಲೆಕ್ಕವನ್ನು ಕನ್ನಡದಲ್ಲಿ ಹಾಕುತ್ತಿದ್ದರು. ಸಿಟ್ಟು ಬಂದಾಗ ತೆಲುಗಿನಲ್ಲಿ ಆಡುತ್ತಿದ್ದರು. ಹಾಡನ್ನು ಎರಡರಲ್ಲಿಯೂ ಹಾಡುತ್ತಿದ್ದರು.

ನಮ್ಮ ಮನೆಯ ಗಣಕಯಂತ್ರವೂ ಇದೇ ರೀತಿಯದು. ಅದನ್ನು ನಾನೂ ನನ್ನ ತಂಗಿಯ ಮಗನೂ ಕೂಡಿ ಕೊಂಡೆವು. ಅವನು ಎಂಜಿನಿಯರಿಂಗ್ ಓದುತ್ತ ನಮ್ಮಲ್ಲಿಯೇ ಇದ್ದವನು. ನನಗೆ ರೂಢಿಯಾದದ್ದು ವಿಂಡೋಸ್; ಅವನ ಓದಿಗೆ ಬೇಕಾದದ್ದು ಲಿನಕ್ಸ್. ಇವೆರಡೂ ಆಪರೇಟಿಂಗ್ ಸಿಸ್ಟಂಗಳು, ಎಂದರೆ ಯಂತ್ರದ ಸಮಸ್ತ ಕಾರ್ಯವನ್ನೂ ನಡೆಸುವ ಆಡಳಿತ ವ್ಯವಸ್ಥೆಗಳು. ಒಂದು ಹೊಲಕ್ಕೆ ನಡುವೆ ಬದು ಹಾಕುವಂತೆ ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ನನ್ನದನ್ನೂ ಇನ್ನೊಂದರಲ್ಲಿ ತನ್ನದನ್ನೂ ಅವನು ನೆಲೆಗೊಳಿಸಿದನು. ಯಂತ್ರವನ್ನು ಚಾಲೂ ಮಾಡಿದೊಡನೆ ಯಾವುದು ಬೇಕೆಂದು ಅದು ಕೇಳುತ್ತದೆ. ಒಂದು ಎದ್ದರೆ ಇನ್ನೊಂದು ಮಲಗಿರುತ್ತದೆ. ಎರಡೂ ಏಕಕಾಲದಲ್ಲಿ ಎಚ್ಚರವಾಗಿರುವುದಿಲ್ಲ. ನನ್ನ ಭಾಗಕ್ಕೆ ನಾನು ಒಂದು ಪಾಸ್‌ವರ್ಡ್ ಇಟ್ಟುಕೊಂಡಿದ್ದೆನು. ಅದು ನನಗಲ್ಲದೆ ಮತ್ತಾರಿಗೂ ತಿಳಿಯದು.

ಒಂದು ದಿನ ವಿಂಡೋಸ್ ತನ್ನನ್ನು ತಾನು ನವೀಕರಿಸಿಕೊಳ್ಳುತ್ತಿದ್ದಾಗ ವಿದ್ಯುತ್ತು ಹೋಯಿತು. ಆಮೇಲೆ ಅದು ಏಳಲೇ ಇಲ್ಲ. ನಮ್ಮ ಖುಷ್ಕಿ ಜಮೀನಿನ ಗುತ್ತಿಗೆ ಪತ್ರದ ಪ್ರತಿ, ನನ್ನ ಪಿಂಚಣಿಯ ಕಾಗದ, ಉತ್ತರ ಪಿನಾಕಿನಿಯ ಕೆರೆಕಾಲುವೆಗಳನ್ನು ಕುರಿತು ನಾನು ಬರೆದಿದ್ದ ಒಂದು ಉಪನ್ಯಾಸ, ಇಷ್ಟೂ ಅದರೊಳಗೇ ಉಳಿದುವು. ಬೆಂಗಳೂರಿನಿಂದ ರಜೆಗೆ ಬಂದ ಅಳಿಯನಿಗೆ ಹೇಳಿದೆನು. ಅವನು ತನ್ನ ಲಿನಕ್ಸನ್ನು ಎಬ್ಬಿಸಿ, ಎರಡು ನಿಮಿಷದಲ್ಲಿ ನನ್ನ ಮೂರು ಕಡತಗಳನ್ನೂ ತೆಗೆದು ಕೊಟ್ಟನು. ನನಗೆ ಸಂತೋಷವಾದುದಕ್ಕಿಂತ ಹೆಚ್ಚಾಗಿ ದಿಗಿಲಾಯಿತು.

"ಪಾಸ್‌ವರ್ಡ್ ಕೇಳಲಿಲ್ಲವೇನಪ್ಪ?" ಎಂದೆನು.

"ಅದನ್ನು ಕೇಳುವುದು ವಿಂಡೋಸ್, ಮಾವ. ಅದು ಮಲಗಿದೆಯಲ್ಲ. ಮತ್ತೆ ಕೇಳುವವರು ಯಾರು?" ಎಂದನು.

ಇಷ್ಟು ವರ್ಷ ಗೋಡೆಯೆಂದು ನಾನು ತಿಳಿದಿದ್ದುದು ಗೋಡೆಯಲ್ಲ, ಕಾವಲುಗಾರ. ಕಾವಲುಗಾರ ಎಚ್ಚರವಾಗಿರುವವರೆಗೆ ಮಾತ್ರ ಕಾವಲು. ಇಂಥ ಕಡತ ಇಂಥವನಿಗೆ ಸೇರಿದುದು, ಇತರರು ಮುಟ್ಟಬಾರದು ಎಂದು ವಿಂಡೋಸ್ ಪ್ರತಿಯೊಂದರ ಮೇಲೂ ಬರೆದಿಟ್ಟಿರುವುದು ನಿಜ. ಆದರೆ ಆ ಬರಹ ವಿಂಡೋಸಿನ ಪ್ರಜೆಗಳಿಗೆ ಮಾಡಿದ ಕಾನೂನು. ಇನ್ನೊಂದು ವ್ಯವಸ್ಥೆ ಆಳುತ್ತಿರುವಾಗ ಅದು ಪರರಾಜ್ಯದ ಆಜ್ಞೆಯಂತೆ. ಪಾಲಿಸಿದರೆ ಪಾಲಿಸಿತು, ಇಲ್ಲವಾದರೆ ಇಲ್ಲ.

ದಿಗಿಲಿಗೆ ಕಾರಣವಿತ್ತು. ಆ ಮೂರು ಕಡತಗಳ ಪಕ್ಕದಲ್ಲಿಯೇ ನಾಲ್ಕನೆಯದೊಂದಿದ್ದಿತು. ಹಿಂದೆ ಜಮೀನು ವಿಭಾಗವಾದಾಗ ನನ್ನ ಭಾವನವರು, ಎಂದರೆ ಈ ಹುಡುಗನ ತಂದೆ, ನಡೆದುಕೊಂಡ ರೀತಿಯನ್ನು ಕುರಿತು ನಾನು ಕೋಪದಲ್ಲಿ ಬರೆದಿಟ್ಟ ನಾಲ್ಕು ಪುಟಗಳವು. ಕಡತಕ್ಕೆ ಅವರ ಹೆಸರನ್ನೇ ಇಟ್ಟಿದ್ದೆನು. ಅಳಿಯನ ಮುಖವನ್ನು ನೋಡಿದೆನು. ಅವನಿಗೆ ಅರ್ಥವಾಯಿತೆಂದು ತೋರುತ್ತದೆ. "ಹೆಸರು ಕಂಡಿತು ಮಾವ. ತೆರೆಯಲಿಲ್ಲ. ನೀವು ಹೇಳಿದ್ದು ಮೂರು" ಎಂದನು.

ಅವನು ಹೇಳಿದುದು ನಿಜವೆ ಎಂಬುದನ್ನು ಪರೀಕ್ಷಿಸುವ ಉಪಾಯ ನನ್ನಲ್ಲಿಲ್ಲ. ಕಡತವನ್ನು ಕಡೆಯ ಸಲ ತೆರೆದ ಹೊತ್ತನ್ನು ಯಂತ್ರ ಗುರುತಿಟ್ಟುಕೊಳ್ಳುವುದುಂಟು. ಆದರೆ ಬರೆಯದೆ ಓದುವ ಕ್ರಮದಲ್ಲಿಯೇ ಡಿಸ್ಕನ್ನು ತೆರೆದಾಗ ಆ ಗುರುತೂ ಬೀಳದು. ಓದಿದವನ ಹೆಜ್ಜೆ ನೆಲದ ಮೇಲೆ ಮೂಡುವುದಿಲ್ಲ. ಅವನಿಗೆ ಅವನೇ ಸಾಕ್ಷಿ. ಧರ್ಮವೆಂಬುದಕ್ಕೆ ನಿಜವಾದ ಕೆಲಸ ಬೀಳುವುದು ಇಂಥ ಸ್ಥಳದಲ್ಲಿ. ಕಾವಲುಗಾರನಿದ್ದಲ್ಲಿ ಕಳ್ಳತನ ಮಾಡದಿರುವುದು ಕಾವಲುಗಾರನ ಹಿರಿಮೆ; ಅವನು ಮಲಗಿದ್ದಲ್ಲಿ ಮಾಡದಿರುವುದು ಮಾತ್ರ ನಮ್ಮದು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರಬಹುದು. ಯಂತ್ರ ಅಳಿಯನಿಗೂ ಸೇರಿದುದಷ್ಟೆ. ತನ್ನ ಯಂತ್ರದಲ್ಲಿರುವುದನ್ನು ತಾನು ನೋಡಿದರೆ ತಪ್ಪೇನು? ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಪ್ರಕರಣವು ಯಂತ್ರದ ಒಡೆಯನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸುವುದನ್ನು ತಪ್ಪೆಂದು ಎಣಿಸುತ್ತದೆ. ಆದರೆ ಇಬ್ಬರೂ ಒಡೆಯರಾಗಿದ್ದರೆ ಅನುಮತಿಯನ್ನು ಯಾರು ಯಾರಿಗೆ ಕೊಡಬೇಕು?

ಇದಕ್ಕೆ ಉತ್ತರವನ್ನು ನಮ್ಮ ಹೋಬಳಿಯ ನೆಲವೇ ಹೇಳುತ್ತದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13000 ಎಕರೆ ಭೂಮಿಯ ಮೇಲೆ ಪಾವಗಡದ ಸೌರ ವಿದ್ಯುತ್ ಉದ್ಯಾನವು ಹರಡಿಕೊಂಡಿದೆ. ಅದರ ಸಾಮರ್ಥ್ಯ 2050 ಮೆಗಾವಾಟ್. ಆ ಭೂಮಿಯನ್ನು ಕ್ರಯಕ್ಕೆ ಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21000 ರೂಪಾಯಿನಂತೆ ಆರಂಭಿಸಿ ದೀರ್ಘಾವಧಿಯ ಗುತ್ತಿಗೆಗೆ ಹಿಡಿದರು. ನೆಲ ಇಂದಿಗೂ ರೈತನದೇ. ಆದರೂ ಆ ರೈತನು ಬೇಲಿಯ ಒಳಗೆ ಹೋಗಬೇಕಾದರೆ ಕೇಳಿಯೇ ಹೋಗಬೇಕು. ನೆಲದ ಒಡೆತನ ಬೇರೆ, ನೆಲದ ಮೇಲಿರುವುದರ ಒಡೆತನ ಬೇರೆ. ಡಿಸ್ಕಿನಲ್ಲಿ ಅಳಿಯನಿಗೆ ಅರ್ಧ ಪಾಲಿರಬಹುದು. ನನ್ನ ಕೋಪದಲ್ಲಿ ಅವನಿಗೆ ಪಾಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಓದುವುದರಿಂದ ಏನೂ ಕಳೆದುಹೋಗುವುದಿಲ್ಲ. ಕಡತ ಇದ್ದಲ್ಲಿಯೇ ಇರುತ್ತದೆ, ಒಂದಕ್ಷರವೂ ಕಡಿಮೆಯಾಗದು. ನಷ್ಟವಿಲ್ಲದಲ್ಲಿ ಕಳ್ಳತನವೆಲ್ಲಿಂದ ಬಂತು? ಇದಕ್ಕೆ ಜೈನಶಾಸ್ತ್ರಕಾರರು ಕಳ್ಳತನಕ್ಕೆ ಮಾಡಿದ ಲಕ್ಷಣವನ್ನು ನೆನೆಯಬಹುದು. ಅವರು ಅದನ್ನು ಅದತ್ತಾದಾನವೆಂದರು; ಕೊಡದುದನ್ನು ತೆಗೆದುಕೊಳ್ಳುವುದು ಎಂದು ಅರ್ಥ. ಕಳೆದುಕೊಂಡವನ ನಷ್ಟವನ್ನು ಅವರು ಲಕ್ಷಣದೊಳಗೆ ಸೇರಿಸಲಿಲ್ಲ. ಕೊಟ್ಟರೆ ಇಲ್ಲವೆ ಎಂಬುದೊಂದೇ ಪ್ರಶ್ನೆ. ನಾನು ಮೂರನ್ನು ಕೊಟ್ಟೆನು, ನಾಲ್ಕನೆಯದನ್ನು ಕೊಡಲಿಲ್ಲ. ಅಲ್ಲದೆ, ಏನೂ ಕಳೆಯಲಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಅವನು ಆ ಪುಟಗಳನ್ನು ಓದಿದ್ದರೆ ಕಡತ ಹಾಗೆಯೇ ಉಳಿಯುತ್ತಿತ್ತು; ನಾವಿಬ್ಬರು ಹಾಗೆಯೇ ಉಳಿಯುತ್ತಿರಲಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ನೆಯ ಆಗಸ್ಟ್ 24ರಂದು ಏಕಮತದಿಂದ, ವ್ಯಕ್ತಿಯ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ನಮ್ಮ ನಾಡಿನ ಹಿರಿಯರೊಬ್ಬರು ದೇಶಕ್ಕೆ ಮಾಡಿದ ದೊಡ್ಡ ಉಪಕಾರವದು. ಆದರೆ ಆ ಹಕ್ಕನ್ನು ಹಿಡಿದು ಮುಖ್ಯವಾಗಿ ಸರ್ಕಾರವನ್ನು ಕೇಳಬಹುದು. ಅಡುಗೆಮನೆಗೂ ಪಡಸಾಲೆಗೂ ನಡುವೆ ನ್ಯಾಯಾಲಯ ಬಂದು ಕುಳಿತುಕೊಳ್ಳಲಾರದು. ಅಲ್ಲಿ ಮರ್ಯಾದೆಯೇ ಕಾಯಿದೆ.

ಓದುವ ವಿಚಾರ ಇದಾಯಿತು. ಬರೆಯುವ ವಿಚಾರ ಇದಕ್ಕಿಂತ ಗುರುತರವಾದುದು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ವಿಂಡೋಸ್ ತನ್ನ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ಕ್ರಮ ಬಂದುದು 1993ರಲ್ಲಿ. ಆ ಕ್ರಮದ ಒಳಗುಟ್ಟನ್ನು ಅದರ ಕರ್ತೃಗಳು ಹೊರಗೆ ಬಿಡಲಿಲ್ಲವಾದ್ದರಿಂದ, ಲಿನಕ್ಸಿನವರು ಅದನ್ನು ಊಹಿಸಿ ಊಹಿಸಿ ಕಲಿಯಬೇಕಾಯಿತು. ಬಹುಕಾಲ ಅವರು ಓದಬಲ್ಲವರಾಗಿದ್ದರೇ ಹೊರತು ನೆಚ್ಚಿಕೆಯಿಂದ ಬರೆಯಬಲ್ಲವರಾಗಿರಲಿಲ್ಲ. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶದಿಂದ ಬರೆಯುವುದೂ ಸಾಧ್ಯವಾಯಿತು. 2021ರಲ್ಲಿ ಲಿನಕ್ಸಿನ ಒಡಲಿನಲ್ಲಿಯೇ ಆ ವಿದ್ಯೆ ಸೇರಿತು. ಪರರ ಮನೆಯ ಮಾತನ್ನು ಕೇಳಿ ತಿಳಿಯುವುದಕ್ಕೂ ಆ ಮನೆಯ ಮಾತಿನಲ್ಲಿ ಸಹಿ ಹಾಕುವುದಕ್ಕೂ ಎಷ್ಟು ದೂರವೆಂಬುದು ಇದರಿಂದ ತಿಳಿಯುವುದು.

ಶಕ್ತಿ ಬಂದ ಮೇಲೂ ಒಂದು ಎಚ್ಚರಿಕೆ ಉಳಿದಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಯಂತ್ರವನ್ನು ಆರಿಸಿದರೂ ವಿಂಡೋಸ್ ಪೂರ್ತಿಯಾಗಿ ಮಲಗದೆ, ತನ್ನ ಅರ್ಧ ಯೋಚನೆಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಅರೆನಿದ್ರೆಗೆ ಹೋಗುವುದುಂಟು. ಮತ್ತೆ ಬೇಗ ಏಳಬೇಕೆಂಬುದು ಅದರ ಉದ್ದೇಶ. ಆ ಸ್ಥಿತಿಯಲ್ಲಿ ಬೇರೊಬ್ಬರು ಅದರ ಭಾಗದಲ್ಲಿ ಏನನ್ನಾದರೂ ಬದಲಿಸಿದರೆ, ಎದ್ದ ಮೇಲೆ ಅದರ ನೆನಪಿನಲ್ಲಿರುವುದೊಂದು, ಮನೆಯಲ್ಲಿರುವುದೊಂದು ಆಗಿ ಕಡತಗಳು ಕೆಡುತ್ತವೆ. ಆದುದರಿಂದ ಆ ಅರೆನಿದ್ರೆಯ ಗುರುತು ಕಂಡೊಡನೆ ಎನ್‌ಟಿಎಫ್‌ಎಸ್-3ಜಿಯು ಬರೆಯಲೊಲ್ಲದು. ಓದಲು ಮಾತ್ರ ಬಾಗಿಲು ತೆರೆಯುತ್ತದೆ. ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕಿದ್ದಾಗ ಶಿಷ್ಯರು ಗುಹೆಯಲ್ಲಿ ಗುರುವಿನ ದೇಹವನ್ನು ಕಾದಿದ್ದರೆಂಬ ಕಥೆಯನ್ನು ವಾಚಕರು ಬಲ್ಲರು. ಶಿಷ್ಯರ ಕೆಲಸ ಆ ದೇಹವನ್ನು ಉತ್ತಮಪಡಿಸುವುದಾಗಿರಲಿಲ್ಲ, ಬಿಟ್ಟುಹೋದಂತೆಯೇ ಹಿಂದಿರುಗಿಸುವುದಾಗಿತ್ತು. ಬಲವಂತ ಮಾಡಬೇಕೆಂದರೆ ಆ ಅರೆನಿದ್ರೆಯ ನೆನಪನ್ನು ಅಳಿಸಿಹಾಕಿ ಒಳಗೆ ನುಗ್ಗುವ ಆಜ್ಞೆಯೂ ಇದೆಯಂತೆ. ಅಳಿಯನು ಅದನ್ನು ಬಲ್ಲವನಾದರೂ ಬಳಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಈ ಪ್ರಬಂಧವು ಅಳಿಯನ ಪ್ರಶಂಸೆಯೂ ನನ್ನ ಸಮಾಧಾನವೂ ಆಗಿ ಮುಗಿಯುತ್ತಿತ್ತು. ಆದರೆ ಅವನು "ನೀವು ಹೇಳಿದ್ದು ಮೂರು" ಎಂದಾಗ ನನ್ನನ್ನು ಚುಚ್ಚಿದುದು ಬೇರೊಂದು ಸಂಗತಿ. ಅದಕ್ಕೆ ಎರಡು ತಿಂಗಳ ಹಿಂದೆ, ಅವನು ಊರಲ್ಲಿಲ್ಲದಾಗ, ಬೀರುವಿನಲ್ಲಿ ಒಂದು ಹೊರಡಿಸ್ಕು ನನ್ನ ಕೈಗೆ ಸಿಕ್ಕಿತು. ಮದುವೆಯ ಚಿತ್ರಗಳನ್ನು ಹಾಕಿಡೋಣವೆಂದು ಅದನ್ನು ಯಂತ್ರಕ್ಕೆ ಸೇರಿಸಿದೆನು. ವಿಂಡೋಸ್ ಅದನ್ನು ನೋಡಿ, ಈ ಡಿಸ್ಕನ್ನು ಉಪಯೋಗಿಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದಿತು. ಹೊಸ ಡಿಸ್ಕಿರಬೇಕೆಂದು ತಿಳಿದು ಒಪ್ಪಿಗೆ ಕೊಟ್ಟೆನು. ಚಿತ್ರಗಳನ್ನೂ ಹಾಕಿದೆನು. ಕೆಲವು ದಿನಗಳ ಮೇಲೆ ತಂಗಿ ಫೋನು ಮಾಡಿ, "ಅಣ್ಣ, ಅಮ್ಮನ ಹಾಡುಗಳೆಲ್ಲ ಇವನ ಡಿಸ್ಕಿನಲ್ಲಿವೆಯಂತೆ. ನನಗೊಂದು ಪ್ರತಿ ಮಾಡಿಸಿಕೊಡು" ಎಂದಳು.

ನನ್ನ ತಾಯಿಯವರು ಈಗಿಲ್ಲ. ಅವರ ಕಡೆಯ ವರ್ಷದಲ್ಲಿ ಹುಡುಗನು ಪಕ್ಕದಲ್ಲಿ ಕುಳಿತು ಅವರ ಬೀಸುವ ಪದಗಳನ್ನೂ ಸೋಬಾನೆಗಳನ್ನೂ, ಕನ್ನಡದವನ್ನೂ ತೆಲುಗಿನವನ್ನೂ, ಧ್ವನಿಮುದ್ರಣ ಮಾಡಿಕೊಂಡಿದ್ದನು. ಆ ಡಿಸ್ಕನ್ನು ಅವನು ಲಿನಕ್ಸಿನ ಕ್ರಮದಲ್ಲಿ ಸಿದ್ಧಮಾಡಿದ್ದನು. ವಿಂಡೋಸಿಗೆ ಆ ಕ್ರಮವನ್ನು ತಾನಾಗಿ ಓದಲು ಬಾರದು. 'ನನಗೆ ಓದಲು ಬಾರದು' ಎಂದು ಅದು ಹೇಳಬೇಕಾಗಿತ್ತು. ಅದರ ಬದಲು ಅಳಿಸಿ ಸಿದ್ಧಮಾಡುವ ಮಾತನ್ನಾಡಿತು. ಅದನ್ನು ನಂಬಿದವನು ನಾನು.

ಈ ತಪ್ಪು ಯಂತ್ರದ್ದು ಮಾತ್ರವಲ್ಲ. ಓದಲಾರದುದನ್ನು ಬರಿದೆಂದು ಎಣಿಸುವುದು ಮನುಷ್ಯನ ಹಳೆಯ ಚಾಳಿ. ತೆಲುಗು ಬಾರದ ಅಧಿಕಾರಿಗೆ ನಮ್ಮ ಮುದುಕಿಯರ ಮಾತು ಗದ್ದಲವಾಗಿ ಕೇಳುತ್ತದೆ. ನಮ್ಮ ಒಣನೆಲವನ್ನು ಹೊರಗಿನವರು ಬರಡೆಂದು ಕರೆದರು. ಅದೇ ನೆಲದಲ್ಲಿ ನೆಲಗಡಲೆ ಬೆಳೆದವನಿಗೂ ಕುರಿ ಕಾಯ್ದವನಿಗೂ ಅದು ಬರಡಾಗಿರಲಿಲ್ಲ. ಹೀಗಿರಲು, ನಾಲ್ಕು ಪುಟಗಳನ್ನು ಓದಿಬಿಟ್ಟನೋ ಏನೋ ಎಂದು ಅಳಿಯನ ಮುಖ ನೋಡಿದ ನಾನು, ಅವನ ಅಜ್ಜಿಯ ಧ್ವನಿಯನ್ನು ಅಳಿಸಿ ಎರಡು ತಿಂಗಳು ಬಾಯಿಮುಚ್ಚಿಕೊಂಡಿದ್ದೆನು. ಓದಬಲ್ಲವನು ಓದದೆ ಬಿಟ್ಟನು, ಓದಲಾರದವನು ಅಳಿಸಿದನು. ಇವೆರಡರಲ್ಲಿ ಯಾವುದು ಹೆಚ್ಚಿನ ಅತಿಕ್ರಮವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಆ ರಾತ್ರಿ ಹೇಳಿಬಿಟ್ಟೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅದರಲ್ಲಿ ಮತ್ತೇನಾದರೂ ಹಾಕಿದಿರಾ ಮಾವ?" ಎಂದು ಮಾತ್ರ ಕೇಳಿದನು. ಅವನು ವಿವರಿಸಿದುದು ಹೀಗೆ. ಇಂಥ ಬೇಗದ ಫಾರ್ಮ್ಯಾಟಿನಲ್ಲಿ ಅಳಿಯುವುದು ಬಹುಮಟ್ಟಿಗೆ ಪುಸ್ತಕದ ವಿಷಯಸೂಚಿ. ಪುಟಗಳು ಹಾಗೆಯೇ ಇರುತ್ತವೆ. ಹೊಸದನ್ನು ಬರೆದಷ್ಟು ಜಾಗದಲ್ಲಿ ಮಾತ್ರ ಹಳೆಯದು ನಿಜವಾಗಿ ನಾಶವಾಗುತ್ತದೆ. ಫೋಟೋರೆಕ್ ಎಂಬ ತಂತ್ರಾಂಶ ಸೂಚಿಯಿಲ್ಲದೆಯೇ ಪುಟಗಳನ್ನು ಗುರುತಿಸಿ ಎತ್ತುತ್ತದೆ. ಆದರೆ ಅವುಗಳ ಹೆಸರು ಮರಳಿ ಬರುವುದಿಲ್ಲ. ಎರಡು ರಾತ್ರಿ ಯಂತ್ರ ನಡೆಯಿತು. ಅವನ ನೋಟುಪುಸ್ತಕದಲ್ಲಿ ಬರೆದಿದ್ದುದು 41 ಹಾಡು, ಮರಳಿದುದು 26. ನನ್ನ ಮದುವೆಯ ಚಿತ್ರಗಳು ಕುಳಿತ ಜಾಗದಲ್ಲಿದ್ದುವು ಹೋದುವು.

ಇನ್ನು ಉಳಿದುದು ಬೀಗದ ಮಾತು. ಕಾವಲುಗಾರನಲ್ಲದೆ ನಿಜವಾದ ಗೋಡೆಯೂ ಉಂಟು. ಬಿಟ್‌ಲಾಕರ್ ಮುಂತಾದ ಸಾಧನಗಳಿಂದ ಡಿಸ್ಕಿನ ಬರಹವನ್ನೆಲ್ಲ ಗೂಢಲಿಪಿಗೆ ತಿರುಗಿಸಿದರೆ, ವಿಂಡೋಸ್ ಮಲಗಿದ್ದರೂ ಬೇರೆಯವರು ಓದಲಾರರು. ಕಳ್ಳನ ಕೈಗೆ ಯಂತ್ರ ಸಿಕ್ಕಿದರೆ ಎಂಬ ಭಯಕ್ಕೆ ಅದು ತಕ್ಕ ಔಷಧ. ಪ್ರಯಾಣಕ್ಕೆ ಯಂತ್ರವನ್ನು ಒಯ್ಯುವವರು ಹಾಗೆ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಅದರ 48 ಅಂಕಿಗಳ ಕೀಲಿಯೂ ಪಾಸ್‌ವರ್ಡೂ ಕಳೆದರೆ ಒಡೆಯನಿಗೂ ಪ್ರವೇಶವಿಲ್ಲ; ಒಡೆಯ ಸತ್ತರೆ ಮಕ್ಕಳಿಗೂ ಇಲ್ಲ. ಗೋಡೆಗೆ ಒಳ್ಳೆಯವರು ಕೆಟ್ಟವರೆಂಬ ಭೇದ ತಿಳಿಯದು. ಆ ಭೇದವನ್ನು ಮನುಷ್ಯನೇ ಮಾಡಿ ಕೀಲಿಯನ್ನು ಯಾರಾದರೊಬ್ಬರ ಕೈಯಲ್ಲಿಡಬೇಕು. ನಂಬಿಕೆಯನ್ನು ತಪ್ಪಿಸಿಕೊಳ್ಳಲು ಬೀಗ ಹಾಕಿದವನು ಕೊನೆಗೆ ಕೀಲಿ ಕೊಡುವಾಗ ನಂಬಲೇಬೇಕು.

ವಿಂಡೋಸನ್ನು ಮತ್ತೆ ಸರಿಪಡಿಸಿದ ಮೇಲೆ ನಾನು ಬೀಗ ಹಾಕಿಸಿದೆನು. 48 ಅಂಕಿಗಳನ್ನು ಎರಡು ಕಾಗದದ ಮೇಲೆ ಬರೆದು, ಒಂದನ್ನು ಗುತ್ತಿಗೆ ಪತ್ರದ ಜೊತೆಗೆ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ಅಳಿಯನ ಕೈಗೆ ಕೊಟ್ಟೆನು. ಲಿನಕ್ಸಿನಿಂದಲೂ ಆ ಕೀಲಿಯಿಂದ ಬಾಗಿಲು ತೆರೆಯಬಹುದಂತೆ. ನಾಲ್ಕನೆಯ ಕಡತವನ್ನು ಅಳಿಸಬೇಕೆಂದು ಒಮ್ಮೆ ಯೋಚಿಸಿದೆನು, ಅಳಿಸಲಿಲ್ಲ. ಅದನ್ನು ಓದತಕ್ಕವರು ನನ್ನ ಭಾವನವರು. ಅವರೆದುರಿಗೆ ಹೇಳಬೇಕಾದುದನ್ನು ನಾನು ಯಂತ್ರದೊಳಗೆ ಬಚ್ಚಿಟ್ಟುಕೊಂಡಿದ್ದೆನು. ಬರುವ ತಿಂಗಳು ತಂಗಿಯ ಊರಿಗೆ ಹೋಗಬೇಕೆಂದಿದ್ದೇನೆ.

ಈಗ ಪ್ರತಿ ಸಂಜೆಯೂ ನನಗೊಂದು ಕೆಲಸವಿದೆ. ಹೆಸರಿಲ್ಲದೆ ಮರಳಿದ 26 ಹಾಡುಗಳನ್ನು ಒಂದೊಂದಾಗಿ ಕೇಳಿ, ನೋಟುಪುಸ್ತಕದ 41 ಹೆಸರುಗಳಲ್ಲಿ ಯಾವುದು ಯಾವುದರದೆಂದು ಗುರುತಿಸುವುದು. ಮನೆಯಲ್ಲಿ ಆ ಹಾಡುಗಳನ್ನು ಬಲ್ಲವನು ನಾನೊಬ್ಬನೇ. ಹೊರಡುವ ಮುನ್ನ ಅಳಿಯನು ಆ ಡಿಸ್ಕನ್ನು ನನ್ನ ಮೇಜಿನ ಮೇಲೆ ತಾನಾಗಿಯೇ ಇಟ್ಟು, "ಇದನ್ನು ನೀವು ತೆರೆಯಬಹುದು ಮಾವ" ಎಂದು ಹೇಳಿ ಹೋದನು.